ಅವ್ವನ ಗಂಟಿನ ರೂಪಾಯಿ: ಬೆಲಿ ಆಮ್ಯಾಲೆ, ಖರೆ-ಖೊಟ್ಟಿ ಮೊದಲ

ಹಿರೇರು ಹೋದ ಮ್ಯಾಲೆ ಟ್ರಂಕು ತಗದಾಗ ಅರಿವಿ ಗಂಟಿನ್ಯಾಗ ನಾಕು ಹಳೇ ನಾಣ್ಯ ಸಿಗದ ಮನಿ ನಮ್ಮ ಕಡೆ ಭಾಳ ಕಡಿಮಿ. ರಾಣಿ ಛಾಪಾದ ಎರಡು ರೂಪಾಯಿ, ನಡುವ ತೂತಿದ್ದ ಒಂದು ಕಾಸು, ಲಕ್ಷ್ಮೀಪೂಜಿ ದಿವಸ ತಾಟಿನ್ಯಾಗ ಇಡೋ ಒಂದು ರಾಮಟಂಕಿ. ಮೊದಲೆಲ್ಲಾ ಇವನ್ನ ಹಿರೇ ಸೊಸಿ ದೇವರ ಜಗಲಿ ಮ್ಯಾಲೆ ಇಟ್ಟು ಕೈ ಮುಗಿತಿದ್ದಳು, ಮಾತು ಅಲ್ಲಿಗೆ ಮುಗೀತಿತ್ತು. ಈಗ ಹಂಗಿಲ್ಲ. ಗಂಟು ಬಿಚ್ಚಿದ್ದ ತಡ, ಯಾರಾರೆ ಒಬ್ಬರು ಫೋನ್ ತಗದು ಒಂದು ವಿಡಿಯೋ ಹಚ್ಚತಾರ, "ಅಯ್ಯ, ಇಂಥಾದ್ದಕ್ಕ ಐದು ಲಕ್ಷ ಅಂತ ನೋಡ್ರಿ" ಅಂತಾರ. ಅಲ್ಲಿಂದ ಮುಂದ ಕಣ್ಣೀರು ಆರತದ, ಲೆಕ್ಕಾ ಶುರು ಆಗ್ತದ.

ನನ್ನ ಅಭಿಪ್ರಾಯ ಇಷ್ಟ ಅದ. ಹಳೇ ನಾಣ್ಯಕ್ಕ ಬೆಲಿ ಕಟ್ಟೋಕಿಂತ ಮೊದಲ ಅದು ಖರೆ ನಾಣ್ಯ ಹೌದೋ ಅಲ್ಲೋ ನೋಡಬೇಕು. ಅದೂ ಪಾಲು ಆಗೋಕಿಂತ ಮೊದಲ, ಎಲ್ಲಾರ ಕಣ್ಣ ಮುಂದ, ಅದು ಯಾರ ಪಾಲಿಗೆ ಹೋಗ್ತದೋ ಆಕಿ ಕೈಯಿಂದನ. "ನೀ ಕೊಡು ಇಲ್ಲೆ, ನಾ ಪ್ಯಾಟಿಗೆ ಹೋದಾಗ ತೋರಿಸಿಕೊಂಡು ಬರ್ತೀನಿ" ಅಂತ ಮನಿ ಗಂಡಸರು ಕಿಸೇಕ ಹಾಕ್ಕೊಂಡು ಹೋಗೋದು, ಸಂಜಿಗೆ ಬಂದು ಒಂದು ಮಾತು ಹೇಳೋದು, ನಾವು ಹೂಂ ಅನ್ನೋದು, ಇದು ಸಾಕು. ಅವರು ಸುಳ್ಳು ಹೇಳ್ತಾರ ಅಂತಲ್ಲ. ನೋಡೋದು ಅಂಥಾ ಬ್ರಹ್ಮವಿದ್ಯಾ ಏನಲ್ಲ, ಅಡಗಿ ಮನಿ ಕಟ್ಟಿ ಮ್ಯಾಲೆ ಮುಕ್ಕಾಲು ಪಾಲು ಆಗ್ತದ.

ಬ್ರಿಟಿಷರ ಬೆಳ್ಳಿ ರೂಪಾಯಿದ್ದ ಹೇಳ್ತೀನಿ, ನಮ್ಮ ಗಂಟಿನ್ಯಾಗ ಹೆಚ್ಚು ಇರೋದು ಅದ. ನಾವು ತೊಲಿ ತೊಲಿ ಅಂತೀವಲ್ಲಾ, ತೊಲಿ ಅಂದ್ರನ ಒಂದು ರೂಪಾಯಿ ತೂಕ. (ಈಗ ಸರಾಫಿ ಅಂಗಡ್ಯಾಗ 10 ಗ್ರಾಮಿಗೆ ತೊಲಿ ಅಂತಾರ, ಅದು ಈಚಿನ ಮಾತು.) 1835ರಾಗ ಕಂಪನಿ ಸರಕಾರ ತನ್ನ ರಾಜ್ಯಕ್ಕೆಲ್ಲಾ ಒಂದ ನಮೂನಿ ರೂಪಾಯಿ ಮಾಡಿದಾಗ 180 ಗ್ರೇನ್ ತೂಕ ಅಂತ ಗೊತ್ತು ಮಾಡ್ತು, ಅಂದ್ರ 11.66 ಗ್ರಾಮ್. ಹನ್ನೆರಡು ಪಾಲಿನ್ಯಾಗ ಹನ್ನೊಂದು ಪಾಲು ಬೆಳ್ಳಿ. ರಾಜಾ ಬದಲಾದ್ರು, ರಾಣಿ ಬಂದಳು, ಆಕಿ ಮಗ, ಮೊಮ್ಮಗ ಬಂದ್ರು, ಆದ್ರ 1939ರ ತನಕ ಈ ತೂಕ, ಈ ಬೆಳ್ಳಿ ಬದಲಾಗಲಿಲ್ಲ. ಅದಕ್ಕ ಮೊದಲ ತೂಕ ಮಾಡ್ರಿ. ಅಡಗಿ ಮನಿ ತಕ್ಕಡಿ ನಡಿಯಂಗಿಲ್ಲ, ಅದು ಒಂದು ಗ್ರಾಮಿನ ಮ್ಯಾಲಿನ ಲೆಕ್ಕದ್ದು. ಪಾಯಿಂಟ್ ಆದ ಮ್ಯಾಲೆ ಎರಡು ಅಂಕಿ ತೋರಸೋ ಸಣ್ಣ ಡಿಜಿಟಲ್ ತಕ್ಕಡಿ ಬರ್ತದಲ್ಲಾ, ಅದು ಬೇಕು. ಓಣ್ಯಾಗ ಯಾರ ಮನ್ಯಾಗಾರೆ ಇದ್ದರ ಕಡಾ ತರ್ರಿ. ಭಾಳ ಕೈಗೆ ಕೈ ಓಡ್ಯಾಡಿ ಸವದ ರೂಪಾಯಿ 11.3, 11.4 ಬರ್ತದ, ಅದು ಸಹಜ. ಹತ್ತಕ್ಕ ಇಳದ್ರ ಇಲ್ಲಾ ಹನ್ನೆರಡಕ್ಕ ಏರಿದ್ರ ಅನುಮಾನ ಪಡ್ರಿ. ಬೆಳ್ಳಿ ಸವೀತದ, ಬೆಳಿಯಂಗಿಲ್ಲ.

ಎರಡನೇದು ನೀರಿನ ಪರೀಕ್ಷಾ. ಇದು ನನಗ ಭಾಳ ಸೇರಿದ್ದು. ತಕ್ಕಡಿ ಮ್ಯಾಲೆ ಒಂದು ಸಣ್ಣ ವಾಟಗಾ ಇಟ್ಟು ಅರ್ಧ ನೀರು ಹಾಕ್ರಿ, ಆಮ್ಯಾಲೆ ತಕ್ಕಡಿ ಗುಂಡಿ ಒತ್ತಿ ಸೊನ್ನೆ ಮಾಡ್ರಿ. ರೂಪಾಯಿಗೆ ಸಣ್ಣ ದಾರಾ ಕಟ್ಟಿ, ಕೈಯಾಗ ಹಿಡದು, ಪೂರಾ ಮುಳುಗೂ ಹಂಗ ನೀರಾಗ ಇಳಿಬಿಡ್ರಿ. ತಳಕ್ಕ ತಾಕಬಾರದು, ಬಾಜೂಕ ತಾಕಬಾರದು, ಮ್ಯಾಲೆ ಗುಳ್ಳಿ ಕೂತಿರಬಾರದು. ಆಗ ತಕ್ಕಡಿ ತೋರಸೋದು, ರೂಪಾಯಿ ಎಷ್ಟು ನೀರಿನ ಜಾಗಾ ಹಿಡಿತೋ ಅಷ್ಟು ನೀರಿನ ತೂಕ. ಒಣಾ ತೂಕಾನ ಈ ತೂಕದಿಂದ ಭಾಗಿಸ್ರಿ. ಹಳೇ ರೂಪಾಯಿ ಬೆಳ್ಳಿ ಇದ್ದರ 10.3 ಆಜೂಬಾಜೂ ಬರಬೇಕು. ಅಂದ್ರ 11.66ರ ರೂಪಾಯಿಗೆ ನೀರಿನ ಲೆಕ್ಕಾ 1.13 ಗ್ರಾಮ್. ಹಿತ್ತಾಳಿಗೆ, ಜರ್ಮನ್ ಸಿಲ್ವರಿಗೆ ಬೆಳ್ಳಿ ಮುಲಾಮು ಹಾಕಿದ್ದಿದ್ದರ 1.35ರ ಮ್ಯಾಲೆ ಹೋಗ್ತದ. ಎರಡ್ಮೂರು ಸಲ ಮಾಡ್ರಿ, ದಾರಾ ಹಿಡದ ಕೈ ನಡುಗಿದ್ರ ಅಂಕಿ ಕುಣೀತಾವ. ಮ್ಯಾಲಿಂದ ಎಷ್ಟ ಥಳಥಳ ಇದ್ರೂ ಒಳಗ ಏನದ ಅಂತ ಈ ನೀರು ಹೇಳ್ತದ.

ಫ್ರಿಜ್ಜಿನ ಮ್ಯಾಲಿನ ಮ್ಯಾಗ್ನೆಟ್ ಹಚ್ಚಿ ನೋಡೋದು ಎಲ್ಲಾರಿಗೂ ಗೊತ್ತದ. ಬೆಳ್ಳಿಗೆ ಅದು ಹತ್ತಂಗಿಲ್ಲ. ಆದ್ರ ಇಲ್ಲೆ ಒಂದು ಗಮ್ಮತ್ತದ. 1947ರ ರೂಪಾಯಿ, ಹಿಂದ ಹುಲಿ ಇರೋದು, ಅದು ಬೆಳ್ಳಿದ್ದಲ್ಲ, ನಿಕ್ಕಲ್. ಅದು ಖರೆ ಇದ್ದರನ ಮ್ಯಾಗ್ನೆಟ್ಟಿಗೆ ಹತ್ತತದ! ಹತ್ತು ಅಂತ ಅದನ್ನ ಖೊಟ್ಟಿ ಅಂತ ಒಗದೀರಿ ಮತ್ತ. 1940ರಿಂದ 1945ರ ತನಕದ ರೂಪಾಯಿನೂ ಬ್ಯಾರೆ. ಯುದ್ಧದ ಕಾಲ, ಬೆಳ್ಳಿ ಅರ್ಧಕ್ಕ ಇಳಿಸಿ ಉಳದದ್ದು ತಾಂಬ್ರ, ನಿಕ್ಕಲ್, ಸತುವು ಹಾಕಿದ್ರು. ಅದಕ್ಕ ಅದರ ನೀರಿನ ಲೆಕ್ಕಾ ಹಳೇದಕ್ಕ ಹೊಂದಂಗಿಲ್ಲ. ಅದರ ಅಂಚು ನೋಡ್ರಿ. ಅಂಚಿನ ಗೀರುಗಳ ನಟ್ಟ ನಡುವ ಒಂದು ಸಣ್ಣ ಹಳ್ಳ, ಅದರೊಳಗ ನಕ್ಷಿ. ಖೊಟ್ಟಿ ಹೊಡಿಯವರ ಕಾಟಕ್ಕ ತಂದ ಅಂಚು ಅದು. ಹಂಗಾಗಿ ಇಸ್ವಿ ಮೊದಲ ಓದ್ರಿ, ಪರೀಕ್ಷಾ ಆಮ್ಯಾಲೆ. ಯಾವ ಇಸ್ವಿ ಅಂತ ಗೊತ್ತಿಲ್ಲದ ಮ್ಯಾಗ್ನೆಟ್ ಹಿಡದು ಕೂತ್ರ ಸುಳ್ಳು ಖರೆ ಆಗ್ತದ, ಖರೆ ಸುಳ್ಳು ಆಗ್ತದ.

ಅಂಚು ಅಂದೆ ನೋಡ್ರಿ, ಖೊಟ್ಟಿ ಮಾಡವರು ಸಿಗಬೀಳೋದು ಅಲ್ಲೇ. ಮುಖಾ ಎಲ್ಲಾರೂ ನೋಡ್ತಾರ, ಬಾಜೂ ಯಾರೂ ನೋಡಂಗಿಲ್ಲ. ಅಚ್ಚಿನ್ಯಾಗ ಕರಗಿಸಿ ಹೊಯ್ದ ನಾಣ್ಯಕ್ಕ ಅಂಚಿನ್ಯಾಗ ಒಂದು ಬೆಸುಗಿ ಗೀರು ಉಳೀತದ, ಇಲ್ಲಾ ಅದನ್ನ ಕಾನಸಿಲೆ ಉಜ್ಜಿದ ಕಲೆ ಇರ್ತದ. ಮುಖದ ಮ್ಯಾಲೆ ಸಣ್ಣ ಸಣ್ಣ ಗುಳ್ಳಿ ತೂತು ಕಾಣಸ್ತಾವ, ಬೆಂದ ಹೆಂಚಿನ ದ್ವಾಸಿ ಹಂಗ. ಅಕ್ಷರ ಕರಗಿದ ಬೆಲ್ಲದ ಹಂಗ ಮೊಂಡ. ಟಂಕಸಾಲ್ಯಾಗ ಒತ್ತಿ ಹೊಡದ ಖರೆ ನಾಣ್ಯ ಸವದ್ರೂ ಅದರ ಅಕ್ಷರದ ಬುಡ ಚೂಪ ಇರ್ತದ. ಸಪ್ಪಳಾನೂ ಕೇಳ್ರಿ. ಬೆರಳ ತುದಿ ಮ್ಯಾಲೆ ಇಟ್ಟು ಇನ್ನೊಂದು ನಾಣ್ಯದ ಅಂಚಿಂದ ಮೆಲ್ಲಕ ತಟ್ಟಿದ್ರ ಬೆಳ್ಳಿ ಟಣ್ ಅಂತ ಭಾಳ ಹೊತ್ತು ಹಾಡ್ತದ. ಮೊದಲಿನ ಅಂಗಡಿಯವರು ಕಲ್ಲಿನ ಮ್ಯಾಲೆ ಒಗದು ಕೇಳ್ತಿದ್ರು, ನೀವು ಒಗಿಯೋದು ಬ್ಯಾಡ, ಅಂಚಿಗೆ ಪೆಟ್ಟಾಗ್ತದ.

ಇನ್ನ ಖರೆ ಅಂದ ಕೂಡ್ಲೆ ಅಪರೂಪ ಅಂತ ಅಲ್ಲ. ಇವೆರಡೂ ಬ್ಯಾರೆ ಪ್ರಶ್ನಿ, ಇದನ್ನ ಕಲಸಿ ಹಾಕಿದ್ದಕ್ಕ ಎಷ್ಟು ಮನ್ಯಾಗ ಮುಖಾ ಕೆಟ್ಟಾವ. 1862ರ ರಾಣಿ ರೂಪಾಯಿ ನೋಡಿ "ನೂರಾ ಅರವತ್ತು ವರ್ಷದ್ದು" ಅಂತ ಎದಿ ಹಿಡಕೋತಾರ. ಆ ಇಸ್ವಿ ಹಾಕಿದ ರೂಪಾಯಿ ಒಂದ ವರ್ಷ ಹೊಡದದ್ದಲ್ಲ, 1874ರ ತನಕ ಅದ 1862 ಅಂತನ ಹಾಕಿ ಹೊಡದಾರ, ಕೋಟಿಗಟ್ಟಲೆ. ಹಳೇದಾತು, ಅಪರೂಪ ಆಗಲಿಲ್ಲ. ನಮ್ಮ ಬ್ಯಾಳಿ ಡಬ್ಬಿನೂ ಹಳೇದ ಅದ. ಹಂಗ 1911ರ ಐದನೇ ಜಾರ್ಜನ ರೂಪಾಯಿಗೆ ಒಂದು ಕಥಿ ಅದ. ರಾಜನ ನಿಲುವಂಗಿ ಮ್ಯಾಲೆ ಇದ್ದ ಸಣ್ಣ ಆನಿ, ಸೊಂಡಿ ಗಿಡ್ಡ ಆಗಿ ಹಂದಿ ಹಂಗ ಕಾಣ್ತು ಅಂತ ಮಂದಿ ಗುಲ್ಲೆಬ್ಬಿಸಿದ್ರು, 1912ಕ್ಕ ಸರಕಾರ ಆನಿ ತಿದ್ದಬೇಕಾತು. ಹಂದಿ ರೂಪಾಯಿ ಅಂತನ ಅದಕ್ಕ ಹೆಸರು. ಸಂಗ್ರಹ ಮಾಡವರು ಅದಕ್ಕ ಹೆಚ್ಚು ಕೊಡ್ತಾರ, ಕಥಿ ಇದ್ದದ್ದಕ್ಕ.

ಎಲ್ಲಾಕಿಂತ ಆಶಾ ಹಚ್ಚೋದು 1939ರ ಬೆಳ್ಳಿ ರೂಪಾಯಿ, ಆರನೇ ಜಾರ್ಜಂದು. ಅದು ಖರೇನ ಅಪರೂಪ. ಅಪರೂಪ ಅಂದ ಮ್ಯಾಲೆ ಅದನ್ನ ಮಾಡವರೂ ಇರ್ತಾರ. ಹೊಸಾದಾಗಿ ಮಾಡೋ ತ್ರಾಸು ಯಾಕ, ರಗಡ ಸಿಗೋ 1938ರ ರೂಪಾಯಿ ತಗೊಂಡು ಕಡೀ 8ನ್ನ ಕೆತ್ತಿ 9 ಮಾಡಿಬಿಡ್ತಾರ. ಬೆಳ್ಳಿ ಖರೆ, ತೂಕ ಖರೆ, ಟಣ್ ಖರೆ, ಅಂಚು ಖರೆ, ಇಸ್ವಿ ಒಂದ ಸುಳ್ಳು.

ಇದು ನಮ್ಮ ಮನಿಯೊಳಗ ಬಂದದ್ದ ಮಾತು. ಅತ್ತಿಯವರ ವರ್ಷಾಂತಕ ಮುಗದ ಮ್ಯಾಲೆ ಅವರ ಸಾಮಾನು ಪಾಲು ಮಾಡೋ ದಿವಸ, ಸಣ್ಣ ನಾದಿನಿಗೆ ಎರಡು ಪಾಟಲಿ, ದೊಡ್ಡ ನಾದಿನಿಗೆ "1939ರ ರೂಪಾಯಿ" ಅಂತ ಹಿರೇರು ತೀರ್ಮಾನ ಮಾಡಿಬಿಟ್ಟಿದ್ರು. ಫೋನಿನ್ಯಾಗ ಅದರ ಬೆಲಿ ಪಾಟಲಿಗಿಂತ ಹೆಚ್ಚು ತೋರಸ್ತಿತ್ತು, ಪಾಪ ಆಕೀನೂ ಹೂಂ ಅಂದಿದ್ದಳು. ನಾ ನಡುವ ಬಾಯಿ ಹಾಕಿದೆ. ಸೊಸಿ ಆಗಿ ಇದರಾಗ ನಿನ್ನದೇನು ಅಂತ ಒಬ್ಬರು ಅಂದ್ರು, ಅನ್ಲಿ ಬಿಡ್ರಿ. ತೂಕ ಮಾಡಿದ್ವಿ, 11.58. ನೀರಾಗ ಬಿಟ್ವಿ, 1.12. ಭಾಗಿಸಿದ್ರ 10.3 ಮ್ಯಾಲೆ, ಬೆಳ್ಳಿಗೆ ಏನೂ ಕುಂದಿಲ್ಲ. ಎಲ್ಲಾರೂ ನಕ್ಕರು, ನೋಡು ಖರೇನ ಅದ ಅಂತ. ಆಮ್ಯಾಲೆ ಮೊಮ್ಮಗಳು ಫೋನಿನ ಕ್ಯಾಮೆರಾದಾಗ ಇಸ್ವಿನ ದೊಡ್ಡದು ಮಾಡಿದಳು. 1, 9, 3 ಮೂರರ ಬುಡಾನೂ ಸವದು ನುಣ್ಣಗ ಆಗಿದ್ವು. ಕಡೀ 9ರ ಹೊಟ್ಟಿ ಹತ್ರ ಮಾತ್ರ ಹೊಸಾ ಗೀರು, ಕೆಳಗಿನ ಸುತ್ತು ಅರ್ಧ ಕೆರದಿದ್ದು ಕಾಣ್ತಿತ್ತು, ಸುತ್ತಲಿನ ಜಾಗಾ ಒಂಚೂರು ತಗ್ಗು. ಎಂಟಿನ ಎಲುಬು ಅಲ್ಲೇ ಉಳದಿತ್ತು.

ಅಷ್ಟೊತ್ತಿಗೆ ಒಬ್ಬ ಹಿರೇ ಕಾಕು ಸಿಟ್ಟಿಗೆ ಎದ್ದರು. "ಸತ್ತಾಕಿ ನಾಣ್ಯಾನ ಖೊಟ್ಟಿ ಅಂತೀರೇನ?" ಅಂದ್ರು. ಆ ಮಾತು ನನಗೂ ನಾಟ್ತು, ಯಾಕಂದ್ರ ಅದ ಮಾತಿಗೆ ಅಂಜಿನ ಭಾಳ ಮನ್ಯಾಗ ಯಾರೂ ನೋಡಂಗಿಲ್ಲ. ಆದ್ರ ಕಾಕುನ ಮಾತಿನ್ಯಾಗ ಒಂದು ಎಡವಟ್ಟದ. ಅತ್ತಿಯವರು ಅದನ್ನ 1939 ಅಂತ ಇಟ್ಟಿರಲಿಲ್ಲ. ಅವರಿಗೆ ಅದು ತಮ್ಮ ತವರಿನವರು ಉಡೀ ಒಳಗ ಹಾಕಿದ ರೂಪಾಯಿ. 1939 ಅಂತ ಬೆಲಿ ಹಚ್ಚಿದವರು ನಾವು. ಎಂದೋ ಯಾರೋ ಆ ಎಂಟು ಕೆರದಿದ್ರು, ಅದಕ್ಕೂ ಅವರಿಗೂ ಸಂಬಂಧ ಇಲ್ಲ. ಪಾಟಲಿ ಈಗ ಒಬ್ಬಾಕಿಗೆ ಒಂದೊಂದು ಆತು, ರೂಪಾಯಿ ದೊಡ್ಡ ನಾದಿನಿ ಜಗಲಿ ಮ್ಯಾಲೆ ಅದ, ಬೆಳ್ಳಿ ಲೆಕ್ಕಕ್ಕ. ಕಾಕು ಎರಡು ತಿಂಗಳು ನನ್ನ ಕೂಡ ಮಾತಾಡಲಿಲ್ಲ. ಆದ್ರ ಅಂದು ಸುಮ್ಮನ ಕೂತಿದ್ರ ಒಂದು ಹೆಣ್ಣಮಗಳ ಎರಡು ಪಾಟಲಿ ಒಂದು ಕೆರದ ಎಂಟಿನ್ಯಾಗ ಹೋಗ್ತಿತ್ತು.

"ಪತ್ತಾರನ ಕಡೆ ಒಯ್ದರ ಆಗ್ತಿತ್ತಲ್ಲಾ" ಅಂತ ನೀವು ಅಂತೀರಿ. ಪತ್ತಾರ ಬೆಳ್ಳಿ ಹೌದೋ ಅಲ್ಲೋ ಹೇಳ್ತಾನ, ನಾಣ್ಯ ಹೌದೋ ಅಲ್ಲೋ ಹೇಳಂಗಿಲ್ಲ. ಅದು ಅವನ ವಿದ್ಯಾ ಅಲ್ಲ. ಒರೆಗಲ್ಲಿಗೆ ತಿಕ್ಕಿದ್ರ ಅಂಚಿಗೆ ಗಾಯಾ ಆಗ್ತದ ಬ್ಯಾರೆ. ಈಗಿನ ಮಷೀನು ಇಟ್ಟು ನೋಡವರೂ ಮ್ಯಾಲಿನ ಪದರದ್ದ ಹೇಳೋದು, ದಪ್ಪಗ ಮುಲಾಮು ಹಾಕಿದ್ರ ಅದೂ ಮೋಸ ಹೋಗ್ತದ. ಒಳ್ಳೇ ಬೆಳ್ಳ್ಯಾಗ ಹೊಡದ ಖೊಟ್ಟಿ ನಾಣ್ಯ ಅವನ ಕಡೆ ಪಾಸ್ ಆಗ್ತದ, ಖರೆ ಅಪರೂಪದ್ದು ಹೋದ್ರ ತೂಕದ ಮ್ಯಾಲೆ ತಗೊಂಡು ಮೂಸಿಗೆ ಹಾಕ್ತಾನ. ಎರಡೂ ಕಡೆ ನಷ್ಟ ನಮ್ಮದ. ನಾಣ್ಯಶಾಸ್ತ್ರ ಅಂತನ ಓದಿದ ಮಂದಿ ಇದ್ದಾರ. ನಾಸಿಕ ಹತ್ರ ಅಂಜನೇರಿಯೊಳಗ ಅದಕ್ಕಂತನ ಒಂದು ಸಂಶೋಧನಾ ಸಂಸ್ಥಾ ಅದ, ನಾಣ್ಯಗಳ ಮ್ಯೂಸಿಯಂ ಅದ. ಮುಂಬೈಯೊಳಗ ರಿಸರ್ವ್ ಬ್ಯಾಂಕಿನ ನಾಣ್ಯ ಮ್ಯೂಸಿಯಂ ಅದ, ಖರೆ ನಾಣ್ಯ ಹೆಂಗಿರ್ತದ ಅಂತ ಕಣ್ಣು ತುಂಬ ನೋಡಿಕೊಂಡು ಬರಬಹುದು. ಮನ್ಯಾಗ ಮಾಡಿದ ಪರೀಕ್ಷಾ ಎಲ್ಲಾ ಪಾಸಾಗಿ, ಇಸ್ವಿನೂ ಅಪರೂಪ ಅಂತ ಕಂಡ್ರ ಮಾತ್ರ ಅಂಥಾ ತಿಳದವರಿಗೆ ತೋರಸ್ರಿ, ಆಕೀನ ಕೂಡ ಕರಕೊಂಡು ಹೋಗ್ರಿ.

ಕಂಪನಿ ಹೆಸರಿನ ರಾಮ-ಸೀತಾ ನಾಣ್ಯದ ಬಗ್ಗೆ ಒಂದು ಮಾತು. ಒಂದು ಕಡೆ ರಾಮ ಸೀತಾ ಲಕ್ಷ್ಮಣ ಹನುಮಪ್ಪ, ಇನ್ನೊಂದು ಕಡೆ "ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818", ಕೆಲವಕ್ಕ 1616 ಅಂತನೂ ಇರ್ತದ. 1616ರಾಗ ಕಂಪನಿಯವರು ಸೂರತ್ತಿನ್ಯಾಗ ಕೋಠಿ ಹಾಕ್ಕೊಂಡು ಅರಿವಿ ವ್ಯಾಪಾರ ಮಾಡ್ಕೋತ ಕೂತಿದ್ರು, ರಾಮದೇವರ ನಾಣ್ಯ ಎಲ್ಲಿಂದ ಹೊಡೀಬೇಕು? ಇವು ಕಂಪನಿ ನಾಣ್ಯ ಅಲ್ಲ, ಪೂಜಾಕ್ಕ ಅಂತ ಆಮ್ಯಾಲೆ ಮಾಡಿದ ಬಿಲ್ಲಿ. ಇದಕ್ಕ ಅಕ್ಕಿ ಎಳಿಯೋ ಶಕ್ತಿ ಅದ, ಕೋಟಿ ಕೊಡ್ತಾರ ಅಂತ ಬರ್ತಾರಲ್ಲಾ, ಅವರ ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿರ್ತಾರ. ನಮ್ಮ ಡಬ್ಬಿ ಅಕ್ಕಿ ತಂದು ಎಳಸ್ರಿ ಅಂತ ಹೇಳ್ರಿ, ಚಹಾ ಸುದ್ಧಾ ಕುಡೀದ ಎದ್ದು ಹೋಗ್ತಾರ.

ಹಂಗಂತ ನಕಲಿ ಅಂದ್ರ ಕಿಮ್ಮತ್ತಿಲ್ಲದ್ದು ಅಂತ ತಿಳಕೋಬ್ಯಾಡ್ರಿ. ನಮ್ಮ ಅಜ್ಜಿ ಕಾಲದ ಪುತಳಿ ಸರ ನೆನಸ್ಕೊಳ್ರಿ. ಆ ಪುತಳಿ ಮೂಲದಾಗ ಇಟಲಿಯ ವೆನಿಸ್ ಊರಿನ ಬಂಗಾರದ ನಾಣ್ಯ, ಮೂರೂವರಿ ಗ್ರಾಮಿಂದು, ವ್ಯಾಪಾರಕ್ಕ ಇಲ್ಲಿಗೆ ಬಂತು. ಮ್ಯಾಲೆ ಅವರ ಸಂತ ನಿಂತಾನ, ಮುಂದ ಅವರ ಅರಸ ಮೊಣಕಾಲೂರಿ ಕೂತಾನ. ನಮ್ಮ ಹೆಣ್ಣಮಕ್ಕಳಿಗೆ ಅವು ಗೊಂಬಿ ಕಂಡ್ವು, ಪುತಳಿ ಅಂದ್ರು. ಚಲೋ ಅನಿಸಿ ಇಲ್ಲಿಯ ಪತ್ತಾರರೂ ಅದ ನಮೂನಿ ಹೊಡದು ಕೊಟ್ಟರು. ಅಕ್ಷರ ಅವರಿಗೆ ಓದಾಕ ಬರ್ತಿದ್ದಿಲ್ಲ, ಅದಕ್ಕ ಬರೇ ಗೀಟು ಗೀಟು. ಆ ಗೀಟು ನೋಡಿನ ಇಲ್ಲಿಯದು ಅಂತ ಗುರ್ತು ಹಿಡೀತಾರ. ನಾಣ್ಯ ಅಂತ ಅದು ವೆನಿಸ್ಸಿಂದಲ್ಲ, ಆದ್ರ ಬಂಗಾರ ಬಂಗಾರನ, ಅಜ್ಜಿ ಸರ ಅಜ್ಜಿದ.

ಒಂದು ಮಾತು ಕೈ ಮುಗದು ಹೇಳ್ತೀನಿ, ನೋಡೋಕಿಂತ ಮೊದಲ ತೊಳೀಬ್ಯಾಡ್ರಿ. ನಮಗ ಬೆಳ್ಳಿ ಕಂಡ್ರ ಕೈ ತಡಿಯಂಗಿಲ್ಲ, ಹುಣಸಿಹಣ್ಣು, ವಿಭೂತಿ, ಹಲ್ಲುಪುಡಿ ಹಾಕಿ ತಿಕ್ಕಿ ಕನ್ನಡಿ ಮಾಡ್ತೀವಿ. ಆರತಿ ತಾಟಿಗೆ ಅದು ಛಲೋ. ನಾಣ್ಯಕ್ಕ ಆ ಕರೀ ಬಣ್ಣನ ವಯಸ್ಸಿನ ಸಾಕ್ಷಿ, ಕೆರದ ಜಾಗಾ ತೋರಸೋದೂ ಅದ. ತಿಕ್ಕಿದ ನಾಣ್ಯಕ್ಕ ಸಂಗ್ರಹ ಮಾಡವರು ಬೆಲಿ ಇಳಸ್ತಾರ, ಸರಕ್ಕ ಅಂತ ಕಡಿ ಬೆಸದಿದ್ರ ಇನ್ನೂ ಇಳಸ್ತಾರ. ಕುಂಕುಮ ಹತ್ತಿದ್ದರ ಬರೇ ನೀರಾಗ ಅದ್ದಿ, ಮೆತ್ತನ ಅರಿವಿಯಿಂದ ಒತ್ತಿ ಒಣಗಸ್ರಿ, ಉಜ್ಜಬ್ಯಾಡ್ರಿ.

ಇನ್ನ ಮಾರೋ ಮಾತು. ಯಾರಾರೆ ಫೋನ್ ಮಾಡಿ ನಿಮ್ಮ ನಾಣ್ಯಕ್ಕ ಲಕ್ಷ ಕೊಡ್ತೀವಿ, ಮೊದಲ ಟ್ಯಾಕ್ಸು, ಕಮಿಷನ್ನು, ನೋಂದಣಿ ಅಂತ ಎರಡು ಸಾವಿರ ಕಳಸ್ರಿ ಅಂದ್ರ ಫೋನ್ ಇಡ್ರಿ. ಖರೀದಿ ಮಾಡವ ರೊಕ್ಕ ಕೊಡಬೇಕು, ಕೇಳಬಾರದು. ಇವರು ರಿಸರ್ವ್ ಬ್ಯಾಂಕಿನ ಹೆಸರು, ಚಿಹ್ನಿ ಸುದ್ಧಾ ಹಾಕ್ಕೊಂಡು ಬರ್ತಾರ. ತಾವು ಇಂಥಾ ವ್ಯವಹಾರ ಮಾಡಂಗಿಲ್ಲ, ಇದಕ್ಕ ಯಾವ ಕಮಿಷನ್ನೂ ಕೇಳಂಗಿಲ್ಲ ಅಂತ ರಿಸರ್ವ್ ಬ್ಯಾಂಕಿನವರ 2021ರ ಆಗಸ್ಟಿನ್ಯಾಗ ಪ್ರಕಟಣಾ ಕೊಟ್ಟಾರ. ಮಧ್ಯಾಹ್ನ ಮನ್ಯಾಗ ನಾವೊಬ್ಬರ ಇರೋ ಹೊತ್ತು ನೋಡಿನ ಈ ಫೋನ್ ಬರ್ತಾವ ಅನ್ನೋದು ನನ್ನ ಗುಮಾನಿ.

ಮಕ್ಕಳು ಅಮೆರಿಕಾದಾಗ ಇದ್ದವರಿಗೆ ಒಂದು ಎಚ್ಚರಿಕಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಪರವಾನಿಗಿ ಇಲ್ಲದ ದೇಶದ ಹೊರಗ ಒಯ್ಯಂಗಿಲ್ಲ. ಬಾಣಂತನಕ್ಕ ಹೊಂಟಾಗ ಮೊಮ್ಮಗೂಗ ಅಂತ ಮೆಂತೇದ ಹಿಟ್ಟಿನ ಡಬ್ಬ್ಯಾಗ ರಾಣಿ ರೂಪಾಯಿ ಹುಗಸಿ ಒಯ್ಯವರು ನಮ್ಮೊಳಗ ಇದ್ದೀರಿ, ಹೆಸರು ಹೇಳಂಗಿಲ್ಲ.

ಇಡೋದು ಹೆಂಗ ಅಂತ ಕೇಳಿದ್ರಿ ಕೆಲವರು. ಮೆತ್ತನ ಪಿವಿಸಿ ಪಾಕೀಟು ಬ್ಯಾಡ, ವರ್ಷ ಕಳದ ಮ್ಯಾಲೆ ಹಸರ ಜಿಗಟು ಬಿಟ್ಟು ನಾಣ್ಯ ಕೆಡಸ್ತದ. ಒಂದೊಂದಕ್ಕ ಒಂದೊಂದು ಸಣ್ಣ ಕಾಗದದ ಲಕೋಟಿ ಸಾಕು. ಅದರ ಮ್ಯಾಲೆ ಪೆನ್ಸಿಲ್ಲಿಲೆ ಇಸ್ವಿ, ಒಣಾ ತೂಕ, ನೀರಿನ ತೂಕ, ಯಾರಿಂದ ಬಂತು, ಯಾವ ಕಾರ್ಯದಾಗ ಬಂತು ಅಂತ ಬರೀರಿ. ನಾಣ್ಯ ಒಳಗ ಹಾಕೋಕಿಂತ ಮೊದಲ ಬರೀರಿ ಮತ್ತ, ಆಮ್ಯಾಲೆ ಬರದ್ರ ಪೆನ್ಸಿಲ್ಲಿನ ಒತ್ತು ಬೀಳ್ತದ.